ದುಡಿಯುವವನ ಅರಿವು, ದುಡಿಸುವವನ ಕಿವಿ

ಪೀಠಿಕೆ

ಕಾಯಕವೆಂಬುದು ನಮ್ಮ ಸಮಾಜದಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತು. ಮಠದ ಜಾತ್ರೆಯಲ್ಲಿ, ಮದುವೆಯ ಹಂದರದಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಅದನ್ನು ಕುರಿತು ಭಾಷಣಗಳಾಗುತ್ತವೆ. ಆ ಭಾಷಣಗಳನ್ನು ಲಕ್ಷ್ಯಗೊಟ್ಟು ಕೇಳಿದರೆ ಒಂದು ಸಂಗತಿ ತಿಳಿದುಬರುತ್ತದೆ. ಅವು ಬಹುಮಟ್ಟಿಗೆ ದುಡಿಯುವವನಿಗೆ ಹೇಳಿದ ಬುದ್ಧಿಮಾತುಗಳು. ದುಡಿಯುವವನು ಮೈಗಳ್ಳನಾಗಬಾರದು, ಪ್ರಾಮಾಣಿಕನಾಗಿರಬೇಕು, ಮಾಡುವ ಕೆಲಸದಲ್ಲಿ ಮನಸ್ಸಿಡಬೇಕು ಎಂಬಿವೇ ಅವುಗಳ ಸಾರ. ಈ ಮಾತುಗಳು ಸರಿಯಾದವೇ. ಆದರೆ ದುಡಿಸುವವನಿಗೂ ಒಂದು ಕಾಯಕವುಂಟಲ್ಲವೆ? ಅದು ಯಾವುದು, ಅದನ್ನು ಅವನು ಹೇಗೆ ನಡೆಸತಕ್ಕದ್ದು ಎಂಬುದನ್ನು ಕುರಿತು ಈ ಪಾಠದಲ್ಲಿ ಸ್ವಲ್ಪ ವಿಚಾರ ಮಾಡೋಣ.

ನಮ್ಮ ವಾಚಕರಲ್ಲಿ ಅನೇಕರು ನಾಲ್ಕು ಜನರಿಗೆ ಕೆಲಸ ಕೊಟ್ಟವರು. ಒಬ್ಬರದು ಅಡತಿ ಅಂಗಡಿ, ಇನ್ನೊಬ್ಬರದು ಎಣ್ಣೆಯ ಗಿರಣಿ, ಮತ್ತೊಬ್ಬರದು ಮಗ್ಗದ ಮನೆ. ಕೆಲವರು ಶಾಲೆಯ ಆಡಳಿತ ಮಂಡಳಿಯಲ್ಲಿರುವರು, ಕೆಲವರು ಸಹಕಾರಿ ಸಂಘದ ಅಧ್ಯಕ್ಷರು, ಕೆಲವರು ಸರಕಾರಿ ಕಚೇರಿಯಲ್ಲಿ ಹತ್ತಾರು ಗುಮಾಸ್ತರ ಮೇಲಿನ ಅಧಿಕಾರಿಗಳು. ಇವರೆಲ್ಲ ಒಂದೆಡೆ ಸೇರಿದಾಗ ಕೇಳಿಬರುವ ದೂರು ಒಂದೇ: “ಈಗಿನ ಆಳುಗಳಿಗೆ ಕೆಲಸದ ಮೇಲೆ ಮನಸ್ಸಿಲ್ಲ. ಹೇಳಿದಷ್ಟು ಮಾಡುತ್ತಾರೆ, ಹೇಳದಿದ್ದುದನ್ನು ಕಣ್ಣೆತ್ತಿಯೂ ನೋಡುವುದಿಲ್ಲ.”

ಈ ದೂರಿನಲ್ಲಿ ಸತ್ಯಾಂಶವಿರಬಹುದು. ಆದರೆ ಕೇಳತಕ್ಕ ಪ್ರಶ್ನೆಯೊಂದಿದೆ. ಹೇಳದಿದ್ದುದನ್ನೂ ನೋಡಿ, ತಾನಾಗಿ ಬಂದು ಒಬ್ಬ ಆಳು ಒಂದು ಮಾತು ಹೇಳಿದಾಗ ಅವನಿಗೆ ದೊರೆತ ಉತ್ತರವೇನು? “ನೀನು ನಿನ್ನ ಕೆಲಸ ನೋಡು” ಎಂಬುದೇ ಆಗಿದ್ದರೆ, ಮರುದಿನದಿಂದ ಅವನು ತನ್ನ ಕೆಲಸವನ್ನಷ್ಟೇ ನೋಡುತ್ತಾನೆ. ಮನಸ್ಸನ್ನು ಮನೆಯಲ್ಲಿ ಬಿಟ್ಟು ಕೈಗಳನ್ನು ಮಾತ್ರ ತರುತ್ತಾನೆ. ಅದನ್ನು ಅವನಿಗೆ ಕಲಿಸಿದವರು ನಾವೇ.

ಕೈ ಬೇರೆ, ತಲೆ ಬೇರೆ ಎಂಬ ಎಣಿಕೆ

ಕೈಗಳನ್ನು ಮಾತ್ರ ಕೂಲಿಗೆ ಹಿಡಿಯಬಹುದೆಂಬ ಭಾವನೆ ಹೊಸ ಕಾಲದ ಕಾರ್ಖಾನೆಗಳಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆಯಿತು. ಅಮೆರಿಕದ ಫ್ರೆಡ್ರಿಕ್ ಟೇಲರ್ ಎಂಬ ಇಂಜಿನಿಯರರು 1911ರಲ್ಲಿ ವೈಜ್ಞಾನಿಕ ಆಡಳಿತದ ತತ್ತ್ವಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಒಂದೊಂದು ಕೆಲಸವನ್ನೂ ಸಣ್ಣ ಸಣ್ಣ ಚಲನೆಗಳಾಗಿ ಒಡೆದು, ಗಡಿಯಾರ ಹಿಡಿದು ಅಳೆದು, ಅತ್ಯುತ್ತಮ ರೀತಿ ಇದೇ ಎಂದು ಗೊತ್ತುಮಾಡಿ, ಅದರಂತೆ ಕೂಲಿಯವನಿಂದ ಮಾಡಿಸಬೇಕೆಂಬುದು ಅವರ ಮತ. ಇದರಿಂದ ಉತ್ಪನ್ನ ಹೆಚ್ಚಿದುದು ನಿಜ. ಆದರೆ ಈ ಪದ್ಧತಿಯಲ್ಲಿ ಯೋಚಿಸತಕ್ಕವನು ಒಬ್ಬ, ಮಾಡತಕ್ಕವನು ಮತ್ತೊಬ್ಬ ಎಂಬ ಗೋಡೆ ಎದ್ದು ನಿಂತಿತು. ಗಡಿಯಾರವು ಯಾವಾಗಲೂ ಮೇಲಿನವನ ಕೈಯಲ್ಲಿಯೇ ಉಳಿಯಿತು.

ದಿನಕ್ಕೆ ಎಂಟು ತಾಸು ಒಂದು ಯಂತ್ರದ ಮುಂದೆ ನಿಲ್ಲುವವನಿಗೆ ಆ ಯಂತ್ರದ ಸ್ವಭಾವ ತಿಳಿದಷ್ಟು ಮತ್ತಾರಿಗೂ ತಿಳಿಯದು. ಯಾವ ತಿರುಪು ಸಡಿಲಾಗುತ್ತದೆ, ಯಾವ ಚೀಲ ಎಲ್ಲಿ ಸೋರುತ್ತದೆ, ಯಾವ ಗಿರಾಕಿ ಏಕೆ ಮರಳಿ ಬರಲಿಲ್ಲ ಎಂಬುದನ್ನು ಗಾದಿಯ ಮೇಲೆ ಕುಳಿತವನಿಗಿಂತ ಮೊದಲು ಅರಿಯತಕ್ಕವನು ನಿಂತು ಕೆಲಸ ಮಾಡುವವನೇ. ಆ ಅರಿವು ಯಜಮಾನನಿಗೆ ಬಾರದೆ ಹೋದರೆ ನಷ್ಟ ಯಾರದು? ಈ ನಷ್ಟವು ಯಾವ ಖಾತೆಯಲ್ಲಿಯೂ ಬರೆದಿರುವುದಿಲ್ಲ, ಆದುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಗ್ಗದಿಂದ ಬಂದ ಪಾಠ

ಇದಕ್ಕೆ ಪ್ರತಿಯಾದ ಇನ್ನೊಂದು ದಾರಿಯನ್ನು ಜಗತ್ತಿಗೆ ತೋರಿಸಿದುದು ಒಂದು ಮಗ್ಗ. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳ ವಾಚಕರಿಗೆ ಇದು ಸುಲಭವಾಗಿ ತಿಳಿಯುವ ಸಂಗತಿ.

ಜಪಾನ ದೇಶದ ಒಂದು ಹಳ್ಳಿಯಲ್ಲಿ 1867ರಲ್ಲಿ ಬಡಗಿಯೊಬ್ಬನ ಮಗನಾಗಿ ಹುಟ್ಟಿದವರು ಸಾಕಿಚಿ ಟೊಯೋಡಾ. ಹಳ್ಳಿಯ ಹೆಣ್ಣುಮಕ್ಕಳು ಮಗ್ಗದ ಮುಂದೆ ಪಡುತ್ತಿದ್ದ ಶ್ರಮವನ್ನು ಕಂಡು, ಅದನ್ನು ಹಗುರ ಮಾಡಬೇಕೆಂಬ ಒಂದೇ ಹಂಬಲದಿಂದ ಅವರು ಹೊಸ ಮಗ್ಗವನ್ನು ಕಲ್ಪಿಸಿದರು. 1891ರಲ್ಲಿ ಅವರ ಕೈಮಗ್ಗಕ್ಕೆ ಹಕ್ಕುಪತ್ರ ದೊರೆಯಿತು. ಅಲ್ಲಿಂದ ಮೂರು ದಶಕಗಳ ಪ್ರಯೋಗದ ಫಲವಾಗಿ 1924ರಲ್ಲಿ ಅವರದೊಂದು ಸ್ವಯಂಚಾಲಿತ ಮಗ್ಗ ಪೂರ್ಣಗೊಂಡಿತು. ಕೆಲಸ ನಿಲ್ಲದಂತೆಯೇ ಅದು ಲಾಳಿಯನ್ನು ಬದಲಿಸುತ್ತಿದ್ದಿತು. ಅದಕ್ಕಿಂತ ದೊಡ್ಡ ಗುಣ ಇನ್ನೊಂದಿದ್ದಿತು: ಎಳೆಯೊಂದು ಹರಿದ ಕೂಡಲೇ ಮಗ್ಗ ತಾನಾಗಿಯೇ ನಿಲ್ಲುತ್ತಿದ್ದಿತು.

ಈ ನಿಲ್ಲುವಿಕೆಯ ಬೆಲೆಯನ್ನು ನೇಯುವವರೇ ಬಲ್ಲರು. ಎಳೆ ಹರಿದುದು ಗೊತ್ತಾಗದೆ ಮಗ್ಗ ನಡೆಯುತ್ತ ಹೋದರೆ ಗಜಗಟ್ಟಲೆ ಬಟ್ಟೆ ಕೆಡುತ್ತದೆ. ಹಾಗೆ ಕೆಡಬಾರದೆಂದು ಮೊದಲು ಒಬ್ಬೊಬ್ಬ ಆಳು ಒಂದೊಂದು ಮಗ್ಗವನ್ನು ಎವೆಯಿಕ್ಕದೆ ಕಾಯಬೇಕಾಗಿತ್ತು. ತಪ್ಪಾದೊಡನೆ ಮಗ್ಗವೇ ನಿಂತು ತಿಳಿಸುವಂತಾದ ಮೇಲೆ ಒಬ್ಬನೇ ಹಲವು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು, ಬಟ್ಟೆಯೂ ಕೆಡದಾಯಿತು. ಇಂಗ್ಲೆಂಡಿನ ಹೆಸರಾಂತ ಮಗ್ಗದ ಕಂಪನಿಯಾದ ಪ್ಲಾಟ್ ಬ್ರದರ್ಸಿನವರು 1929ರಲ್ಲಿ ಈ ಮಗ್ಗದ ಹಕ್ಕನ್ನು ಕೊಂಡುಕೊಂಡರು.

ತಪ್ಪನ್ನು ಮುಚ್ಚಿಕೊಂಡು ಓಡುವುದಕ್ಕಿಂತ ನಿಂತು ತೋರಿಸುವುದು ಮೇಲು ಎಂಬುದೇ ಆ ಮಗ್ಗದ ತತ್ತ್ವ. ಸಾಕಿಚಿಯವರ ಮಗ ಕಿಯಿಚಿರೊ ಟೊಯೋಡಾ ಅವರು ಮೋಟಾರು ಕಟ್ಟುವ ಉದ್ಯೋಗವನ್ನಾರಂಭಿಸಿದಾಗ ಈ ತತ್ತ್ವವೂ ಅಲ್ಲಿಗೆ ಬಂದಿತು. 1937ರಲ್ಲಿ ಸ್ಥಾಪನೆಯಾದ ಟೊಯೋಟಾ ಮೋಟಾರು ಕಂಪನಿ ಅದೇ.

ಮುಷ್ಕರದ ಅನಂತರ ಬಂದ ವಿವೇಕ

ಯಂತ್ರ ನಿಲ್ಲುವಂತೆ ಮಾಡುವುದು ಸುಲಭ. ಮನುಷ್ಯ ನಿಂತು ಮಾತಾಡುವಂತೆ ಮಾಡುವುದು ಕಠಿಣ. ಟೊಯೋಟಾ ಕಂಪನಿಯವರಿಗೂ ಇದು ಸುಖವಾಗಿ ಸಿದ್ಧಿಸಿದುದಲ್ಲ. ಎರಡನೆಯ ಮಹಾಯುದ್ಧದ ಅನಂತರ ಆ ಕಂಪನಿ ದಿವಾಳಿಯ ಅಂಚಿಗೆ ಬಂದು, 1950ರಲ್ಲಿ ಕೆಲಸಗಾರರನ್ನು ತೆಗೆಯಬೇಕಾಯಿತು. ಕಾರ್ಮಿಕರು ಮುಷ್ಕರ ಹೂಡಿದರು. ಕೊನೆಗೆ 1,500ಕ್ಕೂ ಹೆಚ್ಚು ಮಂದಿ ಕೆಲಸ ಬಿಡಬೇಕಾಯಿತು. ಹೊಣೆಯನ್ನು ತಮ್ಮ ತಲೆಯ ಮೇಲೆ ಹೊತ್ತು ಕಿಯಿಚಿರೊ ಅವರೂ ಅಧ್ಯಕ್ಷಸ್ಥಾನವನ್ನು ತ್ಯಜಿಸಿದರು. ಆಳುಗಳನ್ನು ಹೊರಗೆ ಕಳುಹಿದ ಯಜಮಾನನು ತಾನೂ ಹೊರಗೆ ನಡೆದನೆಂಬ ಈ ಸಂಗತಿಯನ್ನು ನಾವು ಗಮನಿಸತಕ್ಕದ್ದು.

ಅದೇ ವರ್ಷ ಅವರ ಬಂಧುಗಳಾದ ಎಯಿಜಿ ಟೊಯೋಡಾ ಅವರು ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆಯನ್ನು ನೋಡಿಬಂದರು. ಕೆಲಸಗಾರರಿಂದ ಸಲಹೆಗಳನ್ನು ಪಡೆಯುವ ಏರ್ಪಾಡೊಂದು ಅಲ್ಲಿದ್ದಿತು. ಅದರ ಮಾದರಿಯಲ್ಲಿ 1951ರಲ್ಲಿ ಟೊಯೋಟಾದವರು ತಮ್ಮದೇ ಆದ ಸಲಹಾ ಪದ್ಧತಿಯನ್ನು ತೊಡಗಿದರು. ಅದು ಇಂದಿಗೂ ನಡೆದುಬಂದಿದೆ. ಬೀಜ ಅಮೆರಿಕದ್ದು, ಬೆಳೆ ಜಪಾನಿನದು. ಬೀಜವೊಂದೇ ಆದರೂ ಬೆಳೆ ಬೇರೆಯಾದುದೇಕೆ? ಹೊಲದ ಹದ ಬೇರೆಯಾಗಿತ್ತು. ಅಲ್ಲಿ ಸಣ್ಣ ಸಲಹೆಗೂ ಬೆಲೆಯಿದ್ದಿತು, ಉತ್ತರವಿದ್ದಿತು, ಹೇಳಿದವನ ಕೈಯಿಂದಲೇ ಅದನ್ನು ಮಾಡಿ ನೋಡುವ ಅವಕಾಶವಿದ್ದಿತು.

ಮಗ್ಗದ ನೂಲಿನ ಗುಟ್ಟನ್ನು ಮನುಷ್ಯನ ಕೈಗೆ ಕೊಟ್ಟವರು ತಾಯಿಚಿ ಓನೋ. ಟೊಯೋಡಾ ಮನೆತನದ ನೂಲಿನ ಗಿರಣಿಯಲ್ಲಿಯೇ ಕೆಲಸ ಕಲಿತು ಬಂದವರು ಅವರು. ಮೋಟಾರುಗಳು ಸಾಲಾಗಿ ಸಾಗುತ್ತಿರುವಾಗ ತನ್ನ ಕೈಯಲ್ಲಿ ಒಂದು ತಪ್ಪು ಕಂಡರೆ ಯಾವ ಕೂಲಿಯವನಾದರೂ ಇಡೀ ಸಾಲನ್ನು ನಿಲ್ಲಿಸಬಹುದೆಂಬ ಅಧಿಕಾರ ಅಲ್ಲಿ ಬಂದಿತು. ತಪ್ಪು ಕಂಡಲ್ಲಿ “ಯಾರು ಮಾಡಿದರು?” ಎಂದು ಕೇಳದೆ “ಏಕಾಯಿತು?” ಎಂದು ಐದು ಸಲ ಕೇಳಬೇಕೆಂಬುದು ಅಲ್ಲಿಯ ಪಾಠ. ಒಂದು ಉದಾಹರಣೆ ನೋಡಿರಿ. ಯಂತ್ರ ನಿಂತಿತೇಕೆ? ವಿದ್ಯುತ್ತಿನ ತಂತಿ ಸುಟ್ಟಿತು. ಸುಟ್ಟಿತೇಕೆ? ಭಾರ ಹೆಚ್ಚಾಯಿತು. ಹೆಚ್ಚಾಯಿತೇಕೆ? ಎಣ್ಣೆ ಸಾಲದೆ ಅಚ್ಚು ಬಿಗಿಯಿತು. ಎಣ್ಣೆ ಸಾಲದಾಯಿತೇಕೆ? ಎಣ್ಣೆ ಎತ್ತುವ ಪಂಪು ಸವೆದಿತ್ತು. ಸವೆದಿತ್ತೇಕೆ? ಜರಡಿಯಿಲ್ಲದುದರಿಂದ ಅದರೊಳಗೆ ಲೋಹದ ಪುಡಿ ಸೇರಿತು. ಮೊದಲನೆಯ ಉತ್ತರಕ್ಕೆ ನಿಂತಿದ್ದರೆ ಹೊಸ ತಂತಿ ಹಾಕಿ ಆಳನ್ನು ಬೈದು ಬಿಡುತ್ತಿದ್ದರು; ಐದನೆಯ ಉತ್ತರಕ್ಕೆ ಹೋದುದರಿಂದ ಒಂದು ಜರಡಿ ಹಾಕಿ ರೋಗವನ್ನೇ ಕಳೆದರು.

ಫ್ರೀಮಾಂಟಿನ ದೃಷ್ಟಾಂತ

“ಅದು ಜಪಾನಿಯರ ಸ್ವಭಾವ, ಬೇರೆಯವರಲ್ಲಿ ಸಾಧ್ಯವಿಲ್ಲ” ಎಂದು ಬಹಳ ಮಂದಿ ಭಾವಿಸಿದ್ದರು. ಆ ಭಾವನೆಯನ್ನು ಹುಸಿಮಾಡಿದ ಊರು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಫ್ರೀಮಾಂಟ್. ಅಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ದೊಡ್ಡದೊಂದು ಕಾರ್ಖಾನೆಯಿದ್ದಿತು. ಅದರ ಕೀರ್ತಿ ಒಳ್ಳೆಯದಾಗಿರಲಿಲ್ಲ. ಯಾವ ದಿನವೇ ನೋಡಿದರೂ ನೂರಕ್ಕೆ 20ರಷ್ಟು ಕೆಲಸಗಾರರು ಗೈರುಹಾಜರಿ. ಕುಡಿತ, ಜಗಳ, ಮುನ್ಸೂಚನೆಯಿಲ್ಲದ ಮುಷ್ಕರ, ರಾಶಿಬಿದ್ದ ತಕರಾರು ಅರ್ಜಿಗಳು ಅಲ್ಲಿ ದಿನನಿತ್ಯದ ಮಾತಾಗಿದ್ದುವು. ಏನೇ ಆದರೂ ಸಾಲನ್ನು ನಿಲ್ಲಿಸಬಾರದೆಂಬುದು ಮೇಲಿನವರ ಕಟ್ಟಪ್ಪಣೆ. ತಪ್ಪಿದ್ದರೂ ಮೋಟಾರು ಮುಂದೆ ಸಾಗಲಿ, ಕೊನೆಯಲ್ಲಿ ದುರಸ್ತಿ ಮಾಡಿದರಾಯಿತು. 1982ರಲ್ಲಿ ಆ ಕಾರ್ಖಾನೆಗೆ ಬೀಗ ಬಿದ್ದಿತು.

ಎರಡು ವರ್ಷಗಳ ಅನಂತರ, 1984ರಲ್ಲಿ, ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಕಂಪನಿಗಳು ಕೂಡಿ ಅದೇ ಕಟ್ಟಡದಲ್ಲಿ ‘ನಮ್ಮಿ’ ಎಂಬ ಹೆಸರಿನ ಹೊಸ ಸಂಸ್ಥೆಯನ್ನು ತೆರೆದುವು. ಆಡಳಿತ ಟೊಯೋಟಾದವರದು. ಸೋಜಿಗವೆಂದರೆ, ತೆಗೆದುಕೊಂಡ ಕೆಲಸಗಾರರಲ್ಲಿ ನೂರಕ್ಕೆ 85ರಷ್ಟು ಮಂದಿ ಹಳೆಯ ಕಾರ್ಖಾನೆಯವರೇ. ಅದೇ ಜನ, ಅದೇ ಕಾರ್ಮಿಕ ಸಂಘ, ಅದೇ ಗೋಡೆಗಳು. ಕೆಲವು ಗುಂಪುಗಳನ್ನು ಜಪಾನಿಗೆ ಕಳುಹಿಸಿ, ಅಲ್ಲಿಯ ಕೆಲಸಗಾರರ ಪಕ್ಕದಲ್ಲಿ ನಿಲ್ಲಿಸಿ ಕಲಿಸಿದರು. ಎರಡು ವರ್ಷ ತುಂಬುವುದರೊಳಗೆ ಆ ಕಾರ್ಖಾನೆಯ ಮೋಟಾರುಗಳು ಜಪಾನಿನವುಗಳಿಗೆ ಸರಿಸಾಟಿಯಾದುವು. ಗೈರುಹಾಜರಿಯ ಪ್ರಮಾಣ ನೂರಕ್ಕೆ ಎರಡು-ಮೂರಕ್ಕೆ ಇಳಿಯಿತು.

ಜನರು ಬದಲಾಗಲಿಲ್ಲ, ಹಾಗಾದರೆ ಬದಲಾದುದು ಏನು?

ಮೊದಲನೆಯದು, ತಲೆಯ ಮೇಲೊಂದು ಹಗ್ಗ ಬಂದಿತು. ತಪ್ಪು ಕಂಡ ಕೆಲಸಗಾರನು ಆ ಹಗ್ಗವನ್ನೆಳೆದರೆ ಸಂಗೀತದ ದನಿ ಕೇಳಿಸುತ್ತಿದ್ದಿತು, ದೀಪ ಹತ್ತುತ್ತಿದ್ದಿತು, ಮುಂದಾಳು ಓಡಿಬರುತ್ತಿದ್ದನು. ಬಂದವನು ಬೈಯುವುದಕ್ಕಲ್ಲ, ನೆರವಾಗುವುದಕ್ಕೆ ಬರುತ್ತಿದ್ದನು. ಇಬ್ಬರೂ ಕೂಡಿ ಕ್ಷಣದಲ್ಲಿ ಸರಿಪಡಿಸಿದರೆ ಸಾಲು ನಿಲ್ಲುತ್ತಲೇ ಇರಲಿಲ್ಲ. ಆಗದಿದ್ದರೆ ನಿಲ್ಲುತ್ತಿದ್ದಿತು, ಯಾರೂ ಸಿಡಿಮಿಡಿಗೊಳ್ಳುತ್ತಿರಲಿಲ್ಲ. ಸಾಲು ನಿಲ್ಲಿಸಿದರೆ ಕೆಲಸ ಹೋದೀತೆಂದು ಹೆದರಿದ್ದ ಜನರಿಗೆ ಇದು ಕಣ್ಣು ತೆರೆಸಿದ ಅನುಭವವಾಯಿತು.

ಎರಡನೆಯದು, ಟೇಲರರ ಗಡಿಯಾರ ಕೈ ಬದಲಿಸಿತು. ಒಂದೊಂದು ಕೆಲಸವನ್ನೂ ಅಳೆದು ಕ್ರಮಗೊಳಿಸುವುದು ನಮ್ಮಿಯಲ್ಲಿಯೂ ಇದ್ದಿತು. ಆದರೆ ಅಳೆಯತಕ್ಕವರು ಹೊರಗಿನ ಪರಿಣತರಲ್ಲ; ನಾಲ್ಕಾರು ಜನರ ಆ ತಂಡದವರೇ ಗಡಿಯಾರ ಹಿಡಿದು, ಒಬ್ಬರ ಕೆಲಸವನ್ನೊಬ್ಬರು ನೋಡಿ, ಸುಲಭವೂ ಸುರಕ್ಷಿತವೂ ಆದ ರೀತಿಯನ್ನು ತಾವೇ ಗೊತ್ತುಮಾಡುತ್ತಿದ್ದರು. ಮೇಲಿನಿಂದ ಬಂದ ನಿಯಮ ಹೊರೆಯಾಗುತ್ತದೆ. ತಾನೇ ಕೂಡಿ ಮಾಡಿದ ನಿಯಮ ತನ್ನದಾಗುತ್ತದೆ.

ಮೂರನೆಯದು, ಅಭಯ. ಸಂಘದೊಡನೆ ಮಾಡಿಕೊಂಡ ಕರಾರಿನಲ್ಲಿ, ಕಷ್ಟ ಬಂದಾಗ ಮೊದಲು ಮೇಲಧಿಕಾರಿಗಳ ಸಂಬಳ ಇಳಿಯಬೇಕು, ಆಮೇಲೆ ಕೆಲಸಗಾರರನ್ನು ಬಿಡಿಸುವ ಮಾತು ಎಂದು ಬರೆದಿದ್ದರು. 1987-88ರಲ್ಲಿ ಮೋಟಾರುಗಳ ಮಾರಾಟ ಕುಸಿದಾಗ ಇದರ ಪರೀಕ್ಷೆಯಾಯಿತು. ಒಬ್ಬನನ್ನೂ ಹೊರಗೆ ಹಾಕಲಿಲ್ಲ. ಬಿಡುವು ದೊರೆತವರಿಗೆ ತರಬೇತಿ ಕೊಟ್ಟರು, ಕೆಲಸದ ಸುಧಾರಣೆಯ ವಿಚಾರಕ್ಕೆ ಹಚ್ಚಿದರು. ಅಧಿಕಾರಿಗಳಿಗೆ ಬೇರೆಯ ಊಟದ ಮನೆಯಾಗಲಿ ಬೇರೆಯ ವಾಹನದ ನಿಲುದಾಣವಾಗಲಿ ಅಲ್ಲಿ ಇರಲಿಲ್ಲ.

ಈ ಮೂರರ ಫಲವನ್ನು ಒಂದು ಲೆಕ್ಕದಿಂದ ಅರಿಯಬಹುದು. 1991ರಲ್ಲಿ ಅಲ್ಲಿಯ ಕೆಲಸಗಾರರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಸಲಹೆಗಳನ್ನು ಕೊಟ್ಟರು. ಒಟ್ಟು ಸಲಹೆಗಳು 10,000ಕ್ಕೂ ಮಿಕ್ಕು. ಅವುಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಆಚರಣೆಗೆ ಬಂದುವು. ಕೆಲಸದ ಮೇಲೆ ಮನಸ್ಸಿಲ್ಲದವರೆಂದು ಹೆಸರಾಗಿದ್ದ ಜನ ಇವರೇ ಎಂಬುದನ್ನು ಮರೆಯಬಾರದು.

ತಪ್ಪನ್ನು ಹೇಳುವ ಧೈರ್ಯ

ಇನ್ನೊಂದು ದೃಷ್ಟಾಂತ ಆಸ್ಪತ್ರೆಗೆ ಸಂಬಂಧಿಸಿದುದು. ಹಾರ್ವರ್ಡ್ ವಿಶ್ವವಿದ್ಯಾಲಯದ ಏಮಿ ಎಡ್ಮಂಡ್‌ಸನ್ ಎಂಬ ವಿದುಷಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಪರಿಶೀಲಿಸಿ, 1996ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಒಳ್ಳೆಯ ಮುಂದಾಳುಗಳಿರುವ, ಸಹಕಾರದಿಂದ ನಡೆಯುವ ದಾದಿಯರ ತಂಡಗಳಲ್ಲಿ ತಪ್ಪುಗಳು ಕಡಮೆಯಿರಬೇಕೆಂದು ಅವರು ಎಣಿಸಿದ್ದರು. ಲೆಕ್ಕ ನೋಡಿದರೆ ಅಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದುವು! ಆಮೇಲೆ ಕಾರಣ ತಿಳಿಯಿತು. ಒಳ್ಳೆಯ ತಂಡದವರು ತಪ್ಪುಗಳನ್ನು ಹೆಚ್ಚಾಗಿ ಹೇಳುತ್ತಿದ್ದರು. ಹೆದರಿಕೆಯಿದ್ದ ತಂಡಗಳವರು ಮುಚ್ಚಿಡುತ್ತಿದ್ದರು. ತನ್ನ ಸಂದೇಹವನ್ನೂ ತಪ್ಪನ್ನೂ ಹೊಸ ಯೋಚನೆಯನ್ನೂ ಹೇಳಿದರೆ ಅವಮಾನವಾಗಲಾರದೆಂಬ ಭರವಸೆಗೆ ಅವರು 1999ರಲ್ಲಿ ಪ್ರಕಟಿಸಿದ ಇನ್ನೊಂದು ಲೇಖನದಲ್ಲಿ ಶಾಸ್ತ್ರೀಯವಾದ ವಿವರಣೆ ದೊರೆಯಿತು. ನಾವು ಅದನ್ನು ಮನಸ್ಸಿನ ನಿರ್ಭಯವೆಂದು ಕರೆಯೋಣ.

ಇದರಿಂದ ಯಜಮಾನರು ತಿಳಿಯತಕ್ಕದ್ದೇನು? “ನನ್ನ ಅಂಗಡಿಯಲ್ಲಿ ತಪ್ಪೇ ಆಗುವುದಿಲ್ಲ, ಯಾರೂ ನನಗೆ ದೂರು ಹೇಳಿದುದಿಲ್ಲ” ಎಂದು ಹಿಗ್ಗುವುದಕ್ಕೆ ಮುನ್ನ ಒಂದು ಕ್ಷಣ ಯೋಚಿಸತಕ್ಕದ್ದು. ಆ ಮೌನ ಸುಖದ್ದೋ ಭಯದ್ದೋ? ರೋಗಿಯ ಬಾಯಲ್ಲಿ ಹೋದ ತಪ್ಪು ಔಷಧದಂತೆ, ಮುಚ್ಚಿಟ್ಟ ತಪ್ಪು ಎಂದಾದರೊಂದು ದಿನ ಹೊರಗೆ ಬಂದೇ ತೀರುತ್ತದೆ. ಆಗ ಅದರ ಬೆಲೆ ಹತ್ತುಪಟ್ಟಾಗಿರುತ್ತದೆ.

ಶಂಕೆ–ಸಮಾಧಾನ

ಶಂಕೆ: ಆಳುಗಳಿಗೆ ಇಷ್ಟು ಸದರ ಕೊಟ್ಟರೆ ಅವರು ತಲೆಯ ಮೇಲೆ ಕೂಡ್ರಲಾರರೆ?

ಸಮಾಧಾನ: ನಮ್ಮಿಯಲ್ಲಿ ಶಿಸ್ತು ಸಡಿಲಾಗಿರಲಿಲ್ಲ, ಹೊತ್ತಿಗೆ ಸರಿಯಾಗಿ ಬರಬೇಕು, ಗೊತ್ತುಮಾಡಿದ ಕ್ರಮದಲ್ಲಿಯೇ ಕೆಲಸ ಮಾಡಬೇಕು. ನುಡಿಯಲು ಅವಕಾಶವಿರುವುದಕ್ಕೂ ಕೆಲಸ ತಪ್ಪಿಸಲು ಅವಕಾಶವಿರುವುದಕ್ಕೂ ಅಜಗಜಾಂತರವುಂಟು. ಮನೆಯಲ್ಲಿ ಮಗನು ತಂದೆಯೊಡನೆ ಮುಕ್ತವಾಗಿ ಮಾತಾಡಿದರೆ ತಂದೆಯ ಗೌರವ ಕಡಮೆಯಾಗುವುದೇ?

ಶಂಕೆ: ಇದು ಕೂಲಿಯವನನ್ನು ಇನ್ನಷ್ಟು ಹಿಂಡುವ ಉಪಾಯವಲ್ಲವೆ?

ಸಮಾಧಾನ: ಈ ಶಂಕೆ ತೂಕವುಳ್ಳದ್ದು, ಇದನ್ನು ಹಗುರಾಗಿ ತಳ್ಳಲಾಗದು. ಮೈಕ್ ಪಾರ್ಕರ್ ಮತ್ತು ಜೇನ್ ಸ್ಲಾಟರ್ ಎಂಬ ಅಮೆರಿಕದ ಇಬ್ಬರು ಲೇಖಕರು 1988ರಲ್ಲಿಯೇ ಈ ಪದ್ಧತಿಯನ್ನು ‘ಒತ್ತಡದ ಆಡಳಿತ’ವೆಂದು ಟೀಕಿಸಿದರು. ಉಸಿರಾಡಲು ಬಿಡುವಿಲ್ಲದಂತೆ ಕೆಲಸದ ವೇಗವನ್ನು ಬಿಗಿಗೊಳಿಸುತ್ತ ಹೋಗುವುದೂ ಇದರಿಂದ ಸಾಧ್ಯವೆಂಬುದು ಅವರ ವಾದ. ನಮ್ಮ ನಾಡಿನಲ್ಲಿಯೇ ನೋಡಿದರೆ, ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2014ರಲ್ಲಿ ಸಂಬಳದ ಮಾತಿಗೂ 2020ರಲ್ಲಿ ಕೆಲಸದ ಹೊರೆಯ ಮಾತಿಗೂ ವ್ಯಾಜ್ಯ ಬೆಳೆದು ಕಾರ್ಖಾನೆಗೆ ಬೀಗ ಬಿದ್ದುದುಂಟು. ಆದುದರಿಂದ ಹಗ್ಗವನ್ನು ತೂಗಿಬಿಟ್ಟ ಮಾತ್ರಕ್ಕೆ ಎಲ್ಲವೂ ಸಿದ್ಧಿಸಿತೆಂದು ತಿಳಿಯಲಾಗದು. ಯಂತ್ರದ ತಪ್ಪನ್ನು ಹೇಳಿದಾಗ ಕೇಳುವ ಕಿವಿ, ಮೈಯ ದಣಿವನ್ನು ಹೇಳಿದಾಗಲೂ ಕೇಳಬೇಕು. ಒಂದನ್ನು ಕೇಳಿ ಇನ್ನೊಂದಕ್ಕೆ ಕಿವುಡಾದರೆ ಕೆಲಸಗಾರನು ಬಹುಬೇಗ ಎರಡನ್ನೂ ಹೇಳದಾಗುತ್ತಾನೆ.

ಶಂಕೆ: ನಮ್ಮಿ ಕಾರ್ಖಾನೆ 2010ರಲ್ಲಿ ಮುಚ್ಚಿತಲ್ಲ, ಹಾಗಾದರೆ ಈ ಪದ್ಧತಿ ಸೋತಂತಾಯಿತಲ್ಲವೆ?

ಸಮಾಧಾನ: ಮುಚ್ಚಿದುದು ನಿಜ. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿಯೆದ್ದು ಪಾಲುದಾರಿಕೆಯಿಂದ ಹೊರಬಿದ್ದಿತು. ಟೊಯೋಟಾದವರು ಒಬ್ಬರೇ ಅದನ್ನು ನಡೆಸಲು ಮನಸ್ಸು ಮಾಡಲಿಲ್ಲ. ಕೆಲಸಗಾರರು ಅಲ್ಲಿ ಸೋತಿರಲಿಲ್ಲ. ಸೋತವರು ಬೇರೆ. ಕಾಲು ಶತಮಾನ ಕಣ್ಣಮುಂದೆಯೇ ಪಾಠವಿದ್ದರೂ ಜನರಲ್ ಮೋಟಾರ್ಸಿನವರು ಅದನ್ನು ತಮ್ಮ ಉಳಿದ ಕಾರ್ಖಾನೆಗಳಿಗೆ ಹರಡುವುದರಲ್ಲಿ ಬಹಳ ತಡಮಾಡಿದರು. ಹಗ್ಗವನ್ನೂ ದೀಪವನ್ನೂ ಕೊಂಡೊಯ್ಯುವುದು ಸುಲಭವಾಗಿತ್ತು. ಹಗ್ಗ ಎಳೆದಾಗ ಸಿಟ್ಟಾಗದಿರುವ ಮೇಸ್ತ್ರಿಯನ್ನು ಕೊಂಡೊಯ್ಯುವುದು ಕಠಿಣವಾಗಿತ್ತು.

ಲಕ್ಕಮ್ಮನ ಮನೆ

ಇಷ್ಟೆಲ್ಲ ದೂರ ಹೋಗಿ ಬಂದ ಮೇಲೆ ನಮ್ಮ ಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಲ್ಲೋಣ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಮಾರಯ್ಯನವರ ಕಥೆ ನಮಗೆಲ್ಲ ತಿಳಿದುದೇ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿಯಾದ ಲಕ್ಕಮ್ಮನವರು ಅದನ್ನು ಗುರುತಿಸಿ, ಹೆಚ್ಚಿನದನ್ನು ಮರಳಿ ಸುರಿದು ಬನ್ನಿರೆಂದು ನಿಸ್ಸಂಕೋಚವಾಗಿ ಹೇಳಿದರು. ಮಾರಯ್ಯನವರು ಮರುಮಾತಾಡದೆ ಹಾಗೆಯೇ ಮಾಡಿದರು. ಈ ಕಥೆಯನ್ನು ನಾವು ಲಕ್ಕಮ್ಮನವರ ನಿಷ್ಠೆಗಾಗಿ ಹೊಗಳುತ್ತೇವೆ. ಮಾರಯ್ಯನವರ ಕಿವಿಯನ್ನೂ ಹೊಗಳಬೇಕು. ಅಂಥ ಕಿವಿಯಿದ್ದ ಮನೆಯಲ್ಲಿ ಮಾತ್ರ ಅಂಥ ನುಡಿ ಹುಟ್ಟುತ್ತದೆ. ಅಗಸರೂ ಅಂಬಿಗರೂ ಮೇದರೂ ನೇಕಾರರೂ ಮಂತ್ರಿಯ ಸಮ್ಮುಖದಲ್ಲಿ ತಮ್ಮ ತಮ್ಮ ಕೆಲಸದ ಮಾತಿನಲ್ಲಿಯೇ ಅನುಭಾವವನ್ನು ನುಡಿದರೆಂಬುದರ ಗುಟ್ಟೂ ಇದೇ. ಅಲ್ಲಿ ಕೇಳುವವರಿದ್ದರು.

ಆಚರಣೆಗೆ ಐದು ಮಾತು

ಅರಿತುದನ್ನು ಆಚರಿಸದಿದ್ದರೆ ಪಾಠ ಬರಿಯ ಓದಾಗಿ ಉಳಿಯುತ್ತದೆ. ಸಣ್ಣ ಅಂಗಡಿಯವರೂ ದೊಡ್ಡ ಗಿರಣಿಯವರೂ ಹಣ ಖರ್ಚಿಲ್ಲದೆ ತೊಡಗಬಹುದಾದ ಐದು ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ.

1. ಕೆಲಸ ನಡೆಯುವ ಸ್ಥಳಕ್ಕೆ ಹೋಗಿ ಕೇಳತಕ್ಕದ್ದು. ಗಾದಿಯ ಮುಂದೆ ಕರೆಸಿ ನಿಲ್ಲಿಸಿದರೆ ಆಳಿನ ಬಾಯಿ ಕಟ್ಟುತ್ತದೆ. ಮಗ್ಗದ ಪಕ್ಕದಲ್ಲಿ, ಗೋದಾಮಿನ ಬಾಗಿಲಲ್ಲಿ ಅದು ತೆರೆಯುತ್ತದೆ. ವಾರಕ್ಕೊಮ್ಮೆಯಾದರೂ “ಈ ಕೆಲಸದಲ್ಲಿ ನಿನಗೆ ತೊಡಕಾಗಿರುವುದು ಯಾವುದು?” ಎಂಬ ಒಂದು ಪ್ರಶ್ನೆಯನ್ನು ಕೇಳಿ, ಉತ್ತರ ಮುಗಿಯುವ ತನಕ ಸುಮ್ಮನಿರತಕ್ಕದ್ದು.

2. ತಪ್ಪನ್ನು ತಾನಾಗಿ ಬಂದು ಹೇಳಿದವನಿಗೆ ಮೊದಲು ಒಳ್ಳೆಯ ಮಾತು, ಆಮೇಲೆ ವಿಚಾರಣೆ. “ಯಾರು?” ಎಂಬುದರ ಬದಲು “ಏಕೆ?” ಎಂದು ಕೇಳುವುದನ್ನು ರೂಢಿಸಿಕೊಳ್ಳತಕ್ಕದ್ದು. ಬೇಕೆಂದು ಮಾಡಿದ ಮೋಸದ ಮಾತು ಬೇರೆ. ಅದಕ್ಕೆ ದಂಡನೆ ತಪ್ಪದು.

3. ಪ್ರತಿಯೊಂದು ಸಲಹೆಗೂ ಬೇಗನೆ ಉತ್ತರ ಕೊಡತಕ್ಕದ್ದು. ಎಷ್ಟೋ ಕಚೇರಿಗಳಲ್ಲಿ ಸಲಹೆಯ ಪೆಟ್ಟಿಗೆಯೊಂದು ಗೋಡೆಗೆ ತೂಗುತ್ತಿರುತ್ತದೆ. ಅದರ ಬೀಗ ತುಕ್ಕು ಹಿಡಿದಿರುತ್ತದೆ. ಅಂಥ ಪೆಟ್ಟಿಗೆ ಇಲ್ಲದಿರುವುದೇ ಲೇಸು. ಸಲಹೆ ಆಗದ ಮಾತಾಗಿದ್ದರೆ ಏಕೆ ಆಗದೆಂಬುದನ್ನು ತಿಳಿಸಿ ಹೇಳಿದರೆ ಸಾಕು, ಹೇಳಿದವನಿಗೆ ಸಮಾಧಾನವಾಗುತ್ತದೆ.

4. ಆಗತಕ್ಕ ಮಾತಾಗಿದ್ದರೆ ಸಣ್ಣದಾಗಿ, ಕೂಡಲೇ, ಹೇಳಿದವನ ಕೈಯಿಂದಲೇ ಮಾಡಿಸಿ ನೋಡತಕ್ಕದ್ದು. ಕಾಳಿನ ಚೀಲಗಳನ್ನು ಬೇರೆ ರೀತಿಯಲ್ಲಿ ಒಟ್ಟಿದರೆ ಇಲಿಯ ಕಾಟ ಕಡಮೆಯಾದೀತೆಂದು ಹಮಾಲನು ಹೇಳಿದರೆ, ಒಂದು ಮೂಲೆಯಲ್ಲಿ ಒಂದು ತಿಂಗಳು ಅವನ ರೀತಿಯೇ ನಡೆಯಲಿ. ಫಲಿಸಿದರೆ ಅದನ್ನು ನಾಲ್ಕು ಜನರ ಮುಂದೆ ಅವನ ಹೆಸರಿನಿಂದಲೇ ಹೇಳತಕ್ಕದ್ದು. ಆಳಿನ ಯೋಚನೆಯನ್ನು ತನ್ನದೆಂದು ಹೇಳಿಕೊಳ್ಳುವ ಯಜಮಾನನಿಗೆ ಎರಡನೆಯ ಯೋಚನೆ ದೊರೆಯುವುದಿಲ್ಲ.

5. ಫಲದಲ್ಲಿ ಪಾಲನ್ನೂ ಕೆಲಸದ ಅಭಯವನ್ನೂ ಕೊಡತಕ್ಕದ್ದು. ಇಬ್ಬರ ಕೆಲಸ ಒಬ್ಬನಿಂದಾಗುವ ಉಪಾಯವನ್ನು ಹೇಳಿದವನ ಜೊತೆಗಾರನೇ ಮರುದಿನ ಮನೆಗೆ ಹೋಗುವಂತಾದರೆ, ಆ ಕಾರ್ಖಾನೆಯಲ್ಲಿ ಅದೇ ಕೊನೆಯ ಸಲಹೆ. ಉಳಿದ ಹೊತ್ತನ್ನು ಬೇರೆ ಕೆಲಸಕ್ಕೆ ತಿರುಗಿಸಿ, ಉಳಿದ ಹಣದಲ್ಲಿ ಅವರಿಗೂ ಒಂದು ಪಾಲು ಮುಟ್ಟಿಸಬೇಕು. ದಾಸೋಹವೆಂಬುದು ಊಟದ ಪಂಕ್ತಿಗಷ್ಟೇ ಸಲ್ಲುವ ಮಾತೆಂದು ತಿಳಿಯಬಾರದು.

ಮನನಕ್ಕೆ

ಈ ಪಾಠವನ್ನು ಓದಿ ಮುಗಿಸಿದ ಮೇಲೆ ವಾಚಕರು ತಮ್ಮಷ್ಟಕ್ಕೆ ತಾವು ಈ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ಕೋರುತ್ತೇವೆ. ನನ್ನ ಕೈಕೆಳಗಿನವರಲ್ಲಿ ಒಬ್ಬನಾದರೂ ಕಳೆದ ತಿಂಗಳಲ್ಲಿ ನನಗೆ ನನ್ನ ತಪ್ಪನ್ನು ಹೇಳಿದ್ದಾನೆಯೆ? ಹೇಳಿದ್ದರೆ ಆಗ ನನ್ನ ಮುಖಭಾವ ಹೇಗಿದ್ದಿತು? ಹೇಳಿಲ್ಲದಿದ್ದರೆ, ನನ್ನಲ್ಲಿ ತಪ್ಪಿಲ್ಲದುದರಿಂದಲೋ ಅವನಲ್ಲಿ ಧೈರ್ಯವಿಲ್ಲದುದರಿಂದಲೋ? ಮನೆಯಲ್ಲಿ ಸೊಸೆಯಾಗಲಿ ಮಗನಾಗಲಿ ಅಡಿಗೆಯ ಕೆಲಸದವಳಾಗಲಿ ಮನೆವಾರ್ತೆಯ ಬಗ್ಗೆ ಒಂದು ಹೊಸ ಮಾತನ್ನು ಹೇಳಿದಾಗ, ಅದನ್ನು ಪೂರ್ತಿ ಕೇಳಿದ ನೆನಪು ನನಗುಂಟೇ?

ಹರಿದ ಎಳೆಯನ್ನು ಕಂಡು ನಿಲ್ಲುವ ಮಗ್ಗವನ್ನು ಮನುಷ್ಯನು ನೂರು ವರ್ಷಗಳ ಹಿಂದೆಯೇ ಕಟ್ಟಿದನು. ನಮ್ಮ ನಮ್ಮ ಅಂಗಡಿ, ಗಿರಣಿ, ಕಚೇರಿಗಳಲ್ಲಿ ಎಳೆ ಹರಿದುದನ್ನು ಕಂಡವರು ಇಂದು ಸಹ ಇದ್ದೇ ಇರುವರು. ಅವರು ಬಾಯಿ ತೆರೆಯುವಂತೆ ನಡೆದುಕೊಳ್ಳುವುದೇ ದುಡಿಸುವವನ ಕಾಯಕ. ಈ ಕಾಯಕಕ್ಕೆ ನಾಳೆಯ ಬೆಳಗೇ ಒಳ್ಳೆಯ ಮುಹೂರ್ತ.